ಕಬ್ಬಿನ ಸೀಮೆಯಲ್ಲಿ ರಕ್ತದ ಕೊರತೆ

ಏಕಸಂಬಿ ಭಾಗದಲ್ಲಿ ಕಬ್ಬು ಹಬ್ಬಿದಂತೆ ಸಜ್ಜೆ, ಮಡಿಕೆ ಮೂಲೆ ಸೇರಿದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಬೆಲ್ಲವೊಂದನ್ನೇ ನಂಬಿದರೆ ಸಾಲದು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣಾಂಶವಿದೆ. ಬಿಳಿ ಅಕ್ಕಿಯಲ್ಲಿ ಒಂದೂ ಇಲ್ಲ. ಆದರೆ ಕಾಳುಕಡಿಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಆದ್ದರಿಂದ ಮಡಿಕೆಯನ್ನು ಮೊಳಕೆ ಬರಿಸಿ ಪಲ್ಯ ಮಾಡಿಸಿರಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿರಿ. ಚಹಾ ಊಟಕ್ಕಿಂತ ಒಂದು ತಾಸು ದೂರವಿರಲಿ. (ಬುತ್ತಿ ಬಿಚ್ಚಿದೊಡನೆ ಕಿಟ್ಲಿ ಬರುವುದನ್ನು ನಾವೂ ಬಲ್ಲೆವು!) ಮುಂಗಾರಿನಲ್ಲಿ ಮನೆಮಟ್ಟಿಗೆ ನಾಲ್ಕು ಗುಂಟೆ ಸಜ್ಜೆ ಬಿತ್ತಿರಿ, 2014ರಲ್ಲಿ ಇಡೀ ದೇಶಕ್ಕೆ ಅಧಿಸೂಚಿತವಾದ ‘ಧನಶಕ್ತಿ’ ತಳಿಯಲ್ಲಿ ಕಬ್ಬಿಣಾಂಶ ಇನ್ನೂ ಹೆಚ್ಚು. ಮನೆಯವರಿಗೆ ತಲೆಸುತ್ತು, ಏದುಸಿರು ಇದ್ದರೆ ಮಾತ್ರ ಊಟವನ್ನೇ ನೆಚ್ಚದೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ.