ಹಿಮದ ಹೊಳೆಯಲ್ಲಿ ತೇಲುವ ನೊಣ

ಜನವರಿಯ ಒಂದು ಮಧ್ಯಾಹ್ನ. ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಸ್ಯಾನ್ ಹ್ವಾನ್ ನದಿಯ ಇಕ್ಕೆಲದ ದಡಗಳಲ್ಲಿ ಹಿಮ ಬಿದ್ದಿದೆ. ತೊಡೆಮಟ್ಟದ ನೀರಿನಲ್ಲಿ, ನೀರಿಳಿಯದ ಉಡುಪು ತೊಟ್ಟು ಒಬ್ಬಾತ ನಿಂತಿದ್ದಾನೆ. ಅವನ ಗಾಳದ ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಆಗಾಗ ಬೆರಳಿನಿಂದ ಅದನ್ನು ಒಡೆದು ಕೆಡವುತ್ತಾನೆ. ಇಷ್ಟೆಲ್ಲ ಕಷ್ಟಪಟ್ಟು ಅವನು ಹೊಳೆಯ ಮೇಲೆ ತೇಲಿಬಿಟ್ಟಿರುವ ವಸ್ತು ಅಕ್ಕಿಯ ಕಾಳಿಗಿಂತ ಚಿಕ್ಕದು. ಒಂದು ಉಕ್ಕಿನ ಕೊಕ್ಕೆ, ಎರಡೆಳೆ ನವಿಲುಗರಿ, ಹುಂಜದ ಕತ್ತಿನದೊಂದು ಗರಿ, ಕೆಲವು ಸುತ್ತು ನೂಲು. ಅದರ ಸಂಪತ್ತೆಲ್ಲ ಇಷ್ಟೇ. ಆದರೆ ಒಂದೂವರೆ ಅಡಿ ಉದ್ದದ ಟ್ರೌಟ್ ಮೀನು ಅದನ್ನು ಜೀವಂತ ನೊಣವೆಂದೇ ನಂಬಿ, ಮೆಲ್ಲನೆ ಮೇಲೆದ್ದು, ಬಾಯಿ ತೆರೆದು ನುಂಗುತ್ತದೆ.

ಇಂಗ್ಲಿಷಿನವರು ಇದನ್ನು ‘ಡ್ರೈ ಫ್ಲೈ’ ಎಂದು ಕರೆಯುತ್ತಾರೆ. ನೀರಿನಲ್ಲಿ ಮುಳುಗದೆ, ಮೈ ಒದ್ದೆಯಾಗದೆ ತೇಲುವುದೇ ಇದರ ಗುಣವಾದ್ದರಿಂದ ಕನ್ನಡದಲ್ಲಿ ‘ತೇಲುನೊಣ’ ಎನ್ನಬಹುದು. ಬೇಸಿಗೆಯ ತೇಲುನೊಣಗಳು ಸಾಕಷ್ಟು ದೊಡ್ಡವು. ಚಳಿಗಾಲದ ನೊಣಗಳ ಮಾತೇ ಬೇರೆ. ಅವನ್ನು ಕಟ್ಟುವುದಕ್ಕೆ ಅಕ್ಕಸಾಲಿಗನ ಕೈಯೂ ತಪಸ್ವಿಯ ತಾಳ್ಮೆಯೂ ಬೇಕು.

ಚಳಿಗಾಲದ ಆಯವ್ಯಯ

ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿಯೂ ಚಲನೆಯೂ ಮಂದವಾಗುತ್ತವೆ. ಹಸಿವು ಪೂರ್ತಿ ಅಡಗುವುದಿಲ್ಲ. ಆದರೆ ತುತ್ತಿಗಾಗಿ ದೂರ ಓಡಿದರೆ ತಿಂದು ಬರುವ ಶಕ್ತಿಗಿಂತ ಓಡಿ ಕಳೆಯುವ ಶಕ್ತಿಯೇ ಹೆಚ್ಚಾದೀತು. ಸಂಬಳ ಕಡಮೆಯಾದಾಗ ಜಾಣ ಗೃಹಿಣಿ ಖರ್ಚನ್ನು ಬಿಗಿಹಿಡಿಯುವಂತೆ, ಟ್ರೌಟ್ ಮೀನು ನಿಧಾನವಾದ ಹರಿವಿನಲ್ಲಿ ಒಂದೇ ಕಡೆ ನಿಂತು, ಪ್ರವಾಹ ಮುಖದ ಮುಂದೆಯೇ ತಂದುಕೊಟ್ಟದ್ದನ್ನು ಮಾತ್ರ ಸ್ವೀಕರಿಸುತ್ತದೆ.

ಆ ಕಾಲದಲ್ಲಿ ಪ್ರವಾಹವು ತರುವುದಾದರೂ ಏನನ್ನು? ಬೇಸಿಗೆಯ ದೊಡ್ಡ ಕೀಟಗಳು ಆಗ ರೆಕ್ಕೆ ಬಿಚ್ಚುವುದಿಲ್ಲ. ‘ಮಿಡ್ಜ್’ ಎಂಬ, ಸೊಳ್ಳೆಯಂತೆ ಕಂಡರೂ ಕಚ್ಚದ ಪುಟ್ಟ ಕೀಟ ಮಾತ್ರ ಚಳಿಗೆ ಅಂಜುವುದಿಲ್ಲ. ಹೊಳೆಯ ತಳದ ಕೆಸರಿನಲ್ಲಿ ಹುಳುವಾಗಿ ಬೆಳೆದು, ಕೋಶಾವಸ್ಥೆಯಲ್ಲಿ ಮೇಲಕ್ಕೇರಿ, ನೀರಿನ ಪೊರೆಯನ್ನು ಭೇದಿಸಿ ಹೊರಬಂದು ಹಾರುತ್ತದೆ. ಹನ್ನೊಂದು ಗಂಟೆಯಿಂದ ಮೂರು ಗಂಟೆಯವರೆಗೆ ಬಿಸಿಲು ತುಸು ಮೈಗೆ ತಾಗುವ ವೇಳೆಯೇ ಅದರ ಸುಮುಹೂರ್ತ. ಪೊರೆಯನ್ನು ಭೇದಿಸುವ ಆ ಕೆಲವು ಕ್ಷಣ ಕೀಟವು ಅಸಹಾಯಕ. ಮೀನು ಕಾದಿರುವುದು ಅದಕ್ಕಾಗಿ. ಮನುಷ್ಯ ಕಾದಿರುವುದು ಮೀನಿಗಾಗಿ.

ಏರುವ ಸಂಖ್ಯೆ, ಇಳಿಯುವ ಕೊಕ್ಕೆ

ಗಾಳದ ಕೊಕ್ಕೆಗಳ ಲೆಕ್ಕ ವಿಚಿತ್ರವಾದುದು. ಸಂಖ್ಯೆ ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ. ಬೇಸಿಗೆಯ ನೊಣಕ್ಕೆ 12 ಅಥವಾ 14ನೆಯ ಸಂಖ್ಯೆಯ ಕೊಕ್ಕೆ ಸಾಕು. ಚಳಿಗಾಲದಲ್ಲಿ 20, 22, 24 ಎಂದು ಏರುತ್ತಾ ಕೆಲವರು 28ನ್ನೂ ಮುಟ್ಟುತ್ತಾರೆ. ಅದನ್ನು ಮೇಜಿನ ಮೇಲೆ ಬೀಳಿಸಿದರೆ ಹುಡುಕುವುದೇ ಒಂದು ಕೆಲಸ.

ಈ ನೊಣಗಳಲ್ಲಿ ಪ್ರಸಿದ್ಧವಾದುದು ‘ಗ್ರಿಫಿತ್ಸ್ ನ್ಯಾಟ್’. ಕಟ್ಟುವ ಕ್ರಮ ಹೇಳುವುದಕ್ಕೆ ಸುಲಭ. ಕೊಕ್ಕೆಯನ್ನು ಪುಟ್ಟ ಇಕ್ಕಳದಲ್ಲಿ ಬಿಗಿಸಿ, ಅದರ ಬೆನ್ನಿನ ಮೇಲೆ ಮೇಣ ಸವರಿದ ಸಣ್ಣ ನೂಲನ್ನು ಸುತ್ತಬೇಕು. ಬಾಲದ ಕಡೆ ಕಪ್ಪುಬಿಳಿ ಪಟ್ಟೆಯ ಹುಂಜದ ಗರಿಯೊಂದನ್ನೂ ನವಿಲುಗರಿಯ ಎಳೆಗಳನ್ನೂ ಕಟ್ಟಬೇಕು. ನವಿಲಿನ ಎಳೆಯನ್ನು ಮುಂದಕ್ಕೆ ಸುತ್ತಿದರೆ ಹಸಿರು ಮಿಂಚುವ ಮೈ ಸಿದ್ಧವಾಗುತ್ತದೆ. ಅದರ ಮೇಲೆ ಹುಂಜದ ಗರಿಯನ್ನು ಅಂತರ ಬಿಟ್ಟು ಸುತ್ತಿ ತಂದರೆ ಗರಿಯ ನಾರುಗಳು ಸುತ್ತಲೂ ನೆಟ್ಟಗೆ ನಿಲ್ಲುತ್ತವೆ. ಕೊನೆಗೆ ಗಂಟು. ನೀರಿಗೆ ಬಿಟ್ಟಾಗ ಈ ನಾರುಗಳು ನೂರು ಕಾಲುಗಳಂತೆ ನೀರಿನ ಪೊರೆಯ ಮೇಲೆ ಭಾರವನ್ನು ಹಂಚಿ, ನೊಣವನ್ನು ಮುಳುಗಗೊಡುವುದಿಲ್ಲ. ಒಂದೇ ಮಿಡ್ಜ್ ಹೊರಬರುವಂತೆಯೂ, ಹಲವು ಮಿಡ್ಜ್‌ಗಳು ಗುಂಪುಗೂಡಿ ತೇಲುವಂತೆಯೂ ಮೀನಿಗೆ ಅದು ತೋರುತ್ತದೆ.

ಹೇಳುವುದಕ್ಕೆ ಸುಲಭವಾದುದು ಮಾಡುವುದಕ್ಕೆ ಸುಲಭವಲ್ಲ. ನೂಲು ಒಂದು ಸುತ್ತು ಹೆಚ್ಚಾದರೆ ಕೊಕ್ಕೆಯ ಕಣ್ಣು ಮುಚ್ಚಿಹೋಗಿ ದಾರ ಪೋಣಿಸಲು ದಾರಿಯಿಲ್ಲದಾಗುತ್ತದೆ. ಒಂದು ಸುತ್ತು ಕಡಮೆಯಾದರೆ ಮೊದಲ ಮೀನಿನ ಹಲ್ಲಿಗೇ ನೊಣ ಬಿಚ್ಚಿಕೊಳ್ಳುತ್ತದೆ. ಗರಿಯ ನಾರು ಕೂದಲೆಳೆಯಷ್ಟು ಉದ್ದವಾದರೂ ಆಕಾರ ಕೆಡುತ್ತದೆ. ನಲವತ್ತು ದಾಟಿದವರ ಕಣ್ಣು ಭೂತಗನ್ನಡಿಯ ನೆರವನ್ನು ಬೇಡುತ್ತದೆ. ಉಸಿರು ಬಿಗಿಹಿಡಿದು ಕಟ್ಟಿದ ನೊಣ ಒಂದು ಸೀನಿಗೆ ಹಾರಿಹೋಗಿ ಜಮಖಾನದಲ್ಲಿ ಅಡಗುವುದೂ ಉಂಟು.

ಗರಿಗಳು ಬಂದ ದಾರಿ

ಈ ಕಲೆಯ ತವರು ಇಂಗ್ಲೆಂಡ್, ಬೆಳೆದ ಮನೆ ಅಮೆರಿಕ. ಆದರೆ ಸಾಮಗ್ರಿಯಲ್ಲಿ ಭಾರತದ ಪಾಲು ಸಣ್ಣದಲ್ಲ. ನವಿಲು ನಮ್ಮ ನಾಡಿನ ಹಕ್ಕಿ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ನೊಣ ಕಟ್ಟುವವರ ಮೇಜಿನ ಮೇಲೆ ಭಾರತದ ಹುಂಜಗಳ ಕತ್ತಿನ ಗರಿಗಳು ಧಾರಾಳವಾಗಿದ್ದವು. ಅಗ್ಗವಾದ ಈ ಗರಿಗಳಲ್ಲಿ ಚಿಕ್ಕ ಕೊಕ್ಕೆಗೆ ಒಪ್ಪುವಂಥವೂ ದೊರೆಯುತ್ತಿದ್ದವು. ಕೊಡಗು, ಮಲೆನಾಡುಗಳನ್ನೊಳಗೊಂಡ ಸಹ್ಯಾದ್ರಿಯ ಬೂದು ಕಾಡುಕೋಳಿಯ ಕತ್ತಿನಲ್ಲಿ ಅರಗಿನ ಹನಿ ಬಿದ್ದಂತೆ ಹೊಳೆಯುವ ಚುಕ್ಕೆಗಳುಂಟು. ಸಾಲ್ಮನ್ ಮೀನಿಗಾಗಿ ಕಟ್ಟುವ ಆಡಂಬರದ ನೊಣಗಳಿಗೆ ಆ ಗರಿ ಬಲು ಪ್ರಿಯವಾಗಿ, ಹಕ್ಕಿಗೆ ಅಪ್ರಿಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಅದನ್ನು ಕಾಯುತ್ತಿದೆ. ಇತ್ತ ಅಮೆರಿಕದ ಸಾಕಣೆದಾರರು ಗರಿಗೋಸ್ಕರವೇ ಹುಂಜಗಳ ತಳಿಯನ್ನು ತಲೆತಲಾಂತರವಾಗಿ ಆಯ್ದು ಬೆಳೆಸಿ, ನೀಳವಾದ, ಗಿಡ್ಡ ನಾರಿನ ಗರಿಗಳನ್ನು ಪಡೆದರು. ಹಿಂದೆ ನೂರು ಗರಿ ಹುಡುಕಿ ಒಂದನ್ನು ಆರಿಸುತ್ತಿದ್ದ ಕಾಲ ಹೋಯಿತು.

ನೆವರ್‌ಸಿಂಕ್ ಕಣಿವೆಯ ಏಕಾಂಗಿ

ಆ ಹಳೆಯ ಕಾಲದ ಕಷ್ಟವನ್ನು ಚೆನ್ನಾಗಿ ಬಲ್ಲವನು ಥಿಯೊಡೋರ್ ಗಾರ್ಡನ್. 1854ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಈತ ಬಾಲ್ಯದಿಂದಲೂ ರೋಗಿಷ್ಠ. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಹ್ಯಾಲ್‌ಫರ್ಡ್ 1886ರಲ್ಲಿ ತೇಲುನೊಣಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ್ದನು. ಗಾರ್ಡನ್ ಅವನಿಗೆ ಪತ್ರ ಬರೆದನು. 1890ರ ಫೆಬ್ರವರಿಯಲ್ಲಿ ಉತ್ತರ ಬಂತು. ಜೊತೆಗೆ ಹ್ಯಾಲ್‌ಫರ್ಡನ ತೇಲುನೊಣಗಳ ಮಾದರಿಗಳೂ ಬಂದವು.

ಉಡುಗೊರೆ ಅಮೂಲ್ಯವಾಗಿತ್ತು, ಆದರೆ ಹಾಗೆಯೇ ಬಳಸಲು ಬರುವಂತಿರಲಿಲ್ಲ. ಸುಣ್ಣಕಲ್ಲಿನ ನಾಡಿನ ಶಾಂತವಾದ ತೊರೆಗಳಿಗಾಗಿ ಹುಟ್ಟಿದ ನೊಣ, ಅಮೆರಿಕದ ಕ್ಯಾಟ್ಸ್‌ಕಿಲ್ ಬೆಟ್ಟಗಳ ಬಂಡೆಗಳ ನಡುವೆ ಧುಮುಕುವ ಹೊಳೆಯಲ್ಲಿ ಹೇಗೆ ತೇಲೀತು? ಅಲ್ಲಿನ ಕೀಟಗಳೂ ಬೇರೆ. ಗಾರ್ಡನ್ ಬಿರುಸಾದ ಗರಿಗಳನ್ನು ಹುಡುಕಿ, ಸ್ಥಳೀಯ ಕೀಟಗಳ ಬಣ್ಣವನ್ನು ನೋಡಿ, ತನ್ನದೇ ಆದ ನೊಣಗಳನ್ನು ರೂಪಿಸಿದನು. ಅವನ ಹೆಸರು ಹೊತ್ತ ‘ಕ್ವಿಲ್ ಗಾರ್ಡನ್’ ನೊಣದ ಮೈಯೂ ನವಿಲಿನ ಕಣ್ಣುಗರಿಯ ಎಳೆಯಿಂದಲೇ ಆದುದು. ಕೊನೆಯ ವರ್ಷಗಳಲ್ಲಿ ಅವನು ನೆವರ್‌ಸಿಂಕ್ ಕಣಿವೆಯಲ್ಲಿ ಒಂಟಿಯಾಗಿ ವಾಸಿಸಿ, ಹಿಮ ಮುಚ್ಚಿದ ತಿಂಗಳುಗಳಲ್ಲಿ ಒಲೆಯ ಪಕ್ಕದಲ್ಲಿ ಕುಳಿತು ಗಿರಾಕಿಗಳಿಗಾಗಿ ನೊಣ ಕಟ್ಟಿದನು. 1915ರ ಮೇ 1ರಂದು ಕ್ಷಯರೋಗದಿಂದ ತೀರಿಕೊಂಡನು.

ಅವನ ನಂತರ ಕ್ಯಾಟ್ಸ್‌ಕಿಲ್‌ನಲ್ಲಿ ಹೆಸರಾದ ರೂಬ್ ಕ್ರಾಸ್ ತನ್ನ ವಿದ್ಯೆಯನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. ರಾಸ್ಕೋ ಎಂಬ ಊರಿನ ವಾಲ್ಟ್ ಡೆಟ್ ಮತ್ತು ಅವನ ಪತ್ನಿ ವಿನ್ನಿ ಜಗಳಕ್ಕೆ ಹೋಗಲಿಲ್ಲ. ಕ್ರಾಸ್ ಕಟ್ಟಿದ ನೊಣಗಳನ್ನೇ ಕೊಂಡು ತಂದು, ಒಂದೊಂದು ಸುತ್ತನ್ನೂ ಬಿಚ್ಚಿ ನೋಡಿ ಕಲಿತರು. ಗುರು ಬಾಯಿಬಿಡದಿದ್ದರೂ ಅವನ ಗಂಟುಗಳು ಬಾಯಿಬಿಟ್ಟವು. ಮುಂದೆ ಆ ದಂಪತಿಗಳಿಗೆ ಅದೇ ಜೀವನೋಪಾಯವಾಯಿತು. ಮಗಳು ಮೇರಿಯೂ ಅದನ್ನೇ ಮುಂದುವರಿಸಿದಳು.

ಮುಳುಗಿಸಿದ ಅಣೆಕಟ್ಟು, ಬದುಕಿಸಿದ ಅಣೆಕಟ್ಟು

ಗಾರ್ಡನ್ ಕೊನೆಯುಸಿರೆಳೆದ ಮನೆಯನ್ನು ಇಂದು ನೋಡಲಾಗುವುದಿಲ್ಲ. ನ್ಯೂಯಾರ್ಕ್ ನಗರದ ಕುಡಿಯುವ ನೀರಿಗಾಗಿ ಕಟ್ಟಿದ ನೆವರ್‌ಸಿಂಕ್ ಜಲಾಶಯ 1950ರ ದಶಕದಲ್ಲಿ ಆ ಜಾಗವನ್ನು ಮುಳುಗಿಸಿತು. ಅವನು ನೊಣ ತೇಲಿಸಿದ ಹೊಳೆಯ ಒಂದು ಭಾಗವೂ ಅದರೊಡನೆ ಅಡಗಿತು.

ವಿಧಿಯ ವಿನೋದವೆಂದರೆ, ಚಳಿಗಾಲದ ಈ ಸೂಕ್ಷ್ಮ ಕಲೆಗೆ ಇಂಬು ಕೊಟ್ಟದ್ದೂ ಅಣೆಕಟ್ಟುಗಳೇ. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಲ್ಲಕ್ಕಿಂತ ಭಾರವಾಗಿರುತ್ತದೆ. ಆದ್ದರಿಂದ ಆಳವಾದ ಜಲಾಶಯದ ಮೇಲ್ಭಾಗ ಹೆಪ್ಪುಗಟ್ಟಿದರೂ ತಳದ ನೀರು ಹೆಪ್ಪುಗಟ್ಟದು. ಬೇಸಿಗೆಯಲ್ಲಿ ಮೇಲ್ಭಾಗ ಕಾದರೂ ತಳ ತಣ್ಣಗೇ ಇರುತ್ತದೆ. ಆ ತಳದ ನೀರನ್ನು ಕೆಳಗೆ ಬಿಟ್ಟಲ್ಲಿ ಟ್ರೌಟ್ ಮೀನಿಗೆ ವರ್ಷವಿಡೀ ವಾಸಯೋಗ್ಯವಾದ ಹೊಳೆ ಹುಟ್ಟುತ್ತದೆ. 1962ರಲ್ಲಿ ಪೂರ್ಣಗೊಂಡ ನವಾಹೋ ಅಣೆಕಟ್ಟೆಯ ಕೆಳಗಿನ ಸ್ಯಾನ್ ಹ್ವಾನ್ ಅಂಥದು. ಕ್ಯಾಟ್ಸ್‌ಕಿಲ್‌ನಲ್ಲಿಯೇ ಡೆಲಾವೇರ್ ನದಿಯ ಎರಡು ಕವಲುಗಳೂ ಹೀಗೆಯೇ ತಂಪು ಪಡೆದು ಮೀನಿಗೆ ಹೆಸರಾದವು. ಕಳೆದುದು ಪಡೆದುದಕ್ಕೆ ಸಮವೇ ಎಂಬ ಪ್ರಶ್ನೆಗೆ, ಮನೆ ಮುಳುಗಿದ ಕಣಿವೆಯವನ ಉತ್ತರ ಒಂದು, ಹೊಳೆಯಲ್ಲಿ ನಿಂತವನ ಉತ್ತರ ಇನ್ನೊಂದು.

ಹಿಡಿದು ಬಿಡುವ ಧರ್ಮ

ಗ್ರಿಫಿತ್ಸ್ ನ್ಯಾಟ್ ಎಂಬ ನೊಣಕ್ಕೆ ಹೆಸರು ಕೊಟ್ಟ ಜಾರ್ಜ್ ಗ್ರಿಫಿತ್, ಮಿಷಿಗನ್ ಸಂಸ್ಥಾನದ ಓ ಸೇಬಲ್ ನದಿಯ ದಡದಲ್ಲಿದ್ದ ತನ್ನ ಮನೆಗೆ ‘ಮುಳ್ಳಿಲ್ಲದ ಕೊಕ್ಕೆ’ ಎಂದು ಅರ್ಥ ಬರುವ ಹೆಸರಿಟ್ಟಿದ್ದನು. 1959ರ ಜುಲೈನಲ್ಲಿ ಆ ಮನೆಯಲ್ಲಿಯೇ 16 ಮಂದಿ ಸೇರಿ, ಹೊಳೆಗಳನ್ನೂ ಅವುಗಳ ಮೀನನ್ನೂ ಕಾಯುವುದಕ್ಕಾಗಿ ‘ಟ್ರೌಟ್ ಅನ್‌ಲಿಮಿಟೆಡ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಕೊಕ್ಕೆಯ ತುದಿಯ ಹಿಮ್ಮುಳ್ಳನ್ನು ಅದುಮಿಬಿಟ್ಟರೆ ಮೀನನ್ನು ಹೆಚ್ಚು ನೋಯಿಸದೆ ಬಿಡಿಸಬಹುದು.

ಚಳಿಗಾಲದಲ್ಲಿ ಈ ಧರ್ಮ ಇನ್ನೂ ಸೂಕ್ಷ್ಮ. ಪುಟ್ಟ ನೊಣಕ್ಕೆ ಕಟ್ಟುವ ದಾರದ ತುದಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಣ್ಣ. ಗಟ್ಟಿಯಾಗಿ ಎಳೆದರೆ ಅದು ಹರಿದು ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ. ಬಹಳ ಹೊತ್ತು ಆಡಿಸಿದರೆ, ಮೊದಲೇ ಹಿಡಿತದಲ್ಲಿ ಬದುಕುತ್ತಿರುವ ಜೀವ ತನ್ನ ಕೂಡಿಟ್ಟ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಹಿಡಿದ ಮೇಲೆ ಚಿತ್ರ ತೆಗೆಯಲೆಂದು ಮೇಲಕ್ಕೆತ್ತಿದರೆ, ಕೊರೆಯುವ ಗಾಳಿಗೆ ಅದರ ಕಿವಿರಿನ ಮೇಲಿನ ನೀರೇ ಹೆಪ್ಪುಗಟ್ಟೀತು. ಆದ್ದರಿಂದ ಬಲ್ಲವರು ಕೈಯನ್ನು ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಎತ್ತದೆಯೇ ಕೊಕ್ಕೆ ಕಳಚುತ್ತಾರೆ.

ಸ್ಯಾನ್ ಹ್ವಾನ್ ಹೊಳೆಯಲ್ಲಿ ಬಿಸಿಲು ಇಳಿಯುತ್ತದೆ. ಮಿಡ್ಜ್‌ಗಳ ಹಾರಾಟ ನಿಲ್ಲುತ್ತದೆ. ನಿಂತಿದ್ದವನು ಮರಗಟ್ಟಿದ ಬೆರಳುಗಳಿಂದ ಮೀನಿನ ಹೊಟ್ಟೆಯ ಕೆಳಗೆ ಕೈಯಿಟ್ಟು, ಅದರ ಮುಖವನ್ನು ಪ್ರವಾಹದ ಕಡೆ ತಿರುಗಿಸಿ ಹಿಡಿಯುತ್ತಾನೆ. ಕಿವಿರು ಎರಡು ಸಲ, ಮೂರು ಸಲ ಆಡುತ್ತದೆ. ಬಾಲ ಒಮ್ಮೆ ಬೀಸುತ್ತದೆ. ಮೀನು ಹೋಯಿತು. ಅವನ ಬಳಿ ಉಳಿದುದು ನವಿಲಿನ ಎಳೆ ಹರಿದು, ಹುಂಜದ ಗರಿ ಮುದ್ದೆಯಾದ ಒಂದು ನೊಣ. ಅದನ್ನು ಟೋಪಿಗೆ ಚುಚ್ಚಿಕೊಂಡು ದಡಕ್ಕೆ ಬರುತ್ತಾನೆ. ರಾತ್ರಿ ದೀಪದ ಕೆಳಗೆ ಕುಳಿತು ಇನ್ನೊಂದನ್ನು ಕಟ್ಟಬೇಕು.