ಶಿಲುಬೆ ಇಲ್ಲದ ಕ್ರೈಸ್ತ ಸಭೆ

ಮಧುಗಿರಿಯ ಬಸದಿ, ಶಿರಾದ 1696ರ ಜುಮ್ಮಾ ಮಸೀದಿ, ಪಾವಗಡದ ಶನೈಶ್ಚರ ಗುಡಿ, ಕೊರಟಗೆರೆ ಸೀಮೆಯ ಸಿದ್ದರಬೆಟ್ಟ ನೋಡಿ ಬೆಳೆದವರು ಗೋಪುರ, ಮಿನಾರು, ಶಿಲುಬೆಗಳಿಂದಲೇ ಮತವನ್ನು ಗುರುತಿಸುತ್ತಾರೆ. ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಯೇಸುಕ್ರಿಸ್ತನ ಹೆಸರು ಹೊತ್ತ, ಆದರೆ ಶಿಲುಬೆಯೇ ಇಲ್ಲದ ಕಟ್ಟಡ ಕಂಡರೆ ಗೊಂದಲ ಸಹಜ. ಅದು ಮಾರ್ಮನ್ನರದು ಇರಬಹುದು. ತಮ್ಮನ್ನು ಹಾಗೆ ಕರೆಯದೆ ‘ಕಡೇ ದಿನಗಳ ಸಂತರ ಯೇಸುಕ್ರಿಸ್ತನ ಸಭೆ’ ಎಂಬ ಪೂರ್ಣ ಹೆಸರು ಬಳಸಿ ಎಂದು 2018ರಲ್ಲಿ ಸಭೆಯ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ಭಾರತದಲ್ಲಿ ಅವರ ಮೊದಲ ದೇವಾಲಯ ಬೆಂಗಳೂರಿನಲ್ಲಿ ಎಂದು ಘೋಷಿಸಿದ್ದೂ ಆ ವರ್ಷವೇ. ಅದಕ್ಕೆ ನೆಲ ಅಗೆದದ್ದು 2020ರ ಡಿಸೆಂಬರ್ 2ರಂದು.

ಶಿಲುಬೆ ಇಲ್ಲವೆಂದರೆ ಕ್ರಿಸ್ತನ ಮರಣವನ್ನು ಒಪ್ಪುವುದಿಲ್ಲ ಎಂದಲ್ಲ. ಅವರ ನಂಬಿಕೆಯಲ್ಲಿ ಪಾಪಪರಿಹಾರ ಗೆತ್ಸೆಮನೆ ತೋಟದ ಸಂಕಟದಲ್ಲಿ ಆರಂಭವಾಗಿ ಶಿಲುಬೆಯ ಮೇಲೆ ಮುಗಿಯುತ್ತದೆ. ಪ್ರತಿ ಭಾನುವಾರ ರೊಟ್ಟಿ ಮತ್ತು ನೀರು (ದ್ರಾಕ್ಷಾರಸವಲ್ಲ) ಹಂಚಿಕೊಂಡು ಆ ಮರಣವನ್ನು ನೆನೆಯುತ್ತಾರೆ. ನೆನಪು ಉಳಿಯುವುದು ಈ ವಿಧಿಯಲ್ಲಿ, ಗೋಡೆಯ ಮೇಲಿನ ಚಿಹ್ನೆಯಲ್ಲಲ್ಲ. ಇದನ್ನು ಅರಿಯದೆ ಅವರನ್ನು ಅಳೆಯುವುದು ಅನ್ಯಾಯ.

ಆದರೆ ಶಿಲುಬೆಯನ್ನು ದೂರವಿಡುವ ಈ ಪದ್ಧತಿ ಮೊದಲಿನಿಂದ ಇಷ್ಟು ಗಟ್ಟಿಯಾಗಿರಲಿಲ್ಲ. 1830ರಲ್ಲಿ ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಸಭೆಯನ್ನು ಸ್ಥಾಪಿಸಿದಾಗ ಅಮೆರಿಕದ ಎಷ್ಟೋ ಪ್ರೊಟೆಸ್ಟೆಂಟರೂ ಶಿಲುಬೆಯನ್ನು ಕ್ಯಾಥೊಲಿಕರ ಸೊತ್ತೆಂದು ದೂರವಿಟ್ಟಿದ್ದರು. ಆ ಶತಮಾನ ಮುಗಿಯುವ ಹೊತ್ತಿಗೆ ಮಾರ್ಮನ್ ಹೆಂಗಸರು ಶಿಲುಬೆಯ ಆಭರಣ ತೊಡುವುದು ಅಪರೂಪವಾಗಿರಲಿಲ್ಲ. 1916ರಲ್ಲಿ ಸಭೆಯ ಹಿರಿಯ ಅಧಿಕಾರಿ ಚಾರ್ಲ್ಸ್ ನಿಬ್ಲಿ, ವಲಸೆ ಬಂದ ಹಿರಿಯರ ನೆನಪಿಗೆ ಸಾಲ್ಟ್ ಲೇಕ್ ಸಿಟಿಯ ಎನ್‌ಸೈನ್ ಶಿಖರದ ಮೇಲೆ ದೊಡ್ಡ ಶಿಲುಬೆ ನಿಲ್ಲಿಸಲು ನಗರಸಭೆಯನ್ನು ಕೇಳಿದರು. ವಿರೋಧ ಎದ್ದಿತು, ಶಿಲುಬೆ ಏಳಲಿಲ್ಲ. 1957ರಲ್ಲಿ ಅಧ್ಯಕ್ಷ ಡೇವಿಡ್ ಮೆಕೇ, ಶಿಲುಬೆಯ ಆಭರಣ ಕ್ಯಾಥೊಲಿಕ್ ಪದ್ಧತಿಯದು, ನಮ್ಮ ಹುಡುಗಿಯರಿಗೆ ಸಲ್ಲದು ಎಂದ ಮೇಲೆ ದಾರಿ ಮುಚ್ಚಿತು. ನನ್ನ ದೃಷ್ಟಿಯಲ್ಲಿ ಇಲ್ಲಿ ಸಿದ್ಧಾಂತಕ್ಕಿಂತ ‘ನಾವು ಬೇರೆ’ ಎಂದು ತೋರಿಸಿಕೊಳ್ಳುವ ಹಂಬಲವೇ ಹೆಚ್ಚು.

ಸಭೆಯ ವಿವರಣೆ ಬೇರೆ. ಕ್ರಿಸ್ತನು ಜೀವಂತ, ಸಾವಿನ ಗುರುತು ನಮ್ಮ ಗುರುತಾಗಬಾರದು, ಅನುಯಾಯಿಗಳ ಬದುಕೇ ಲಾಂಛನ ಎಂಬರ್ಥದಲ್ಲಿ ಅಧ್ಯಕ್ಷ ಗೋರ್ಡನ್ ಹಿಂಕ್ಲಿ ಹೇಳಿದ್ದರು. 2022ರ ಅಕ್ಟೋಬರ್‌ನಲ್ಲಿ ಹಿರಿಯ ನಾಯಕ ಜೆಫ್ರಿ ಹಾಲೆಂಡ್ ಇದೇ ವಿಷಯ ತೆಗೆದುಕೊಂಡು, ಶಿಲುಬೆ ಧರಿಸುವ ಇತರ ಕ್ರೈಸ್ತರ ಬಗ್ಗೆ ಗೌರವದಿಂದಲೇ ಮಾತಾಡಿದರು. ಎರಡು ವರ್ಷ ಮೊದಲೇ ಸಭೆ ಹೊಸ ಲಾಂಛನ ಸ್ವೀಕರಿಸಿತ್ತು: ಕಮಾನಿನ ಕೆಳಗೆ ಕೈ ಚಾಚಿ ನಿಂತ ಪುನರುತ್ಥಿತ ಕ್ರಿಸ್ತ, ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್‌ಸೆನ್ ಕೃತಿಯನ್ನು ಅನುಸರಿಸಿದ್ದು. ಅವರ ಎಷ್ಟೋ ದೇವಾಲಯಗಳ ಶಿಖರದ ಮೇಲೆ ತುತ್ತೂರಿ ಊದುವ ದೇವದೂತ ಮೊರೋನಿಯ ಪ್ರತಿಮೆ ಇರುತ್ತದೆ. ಆದರೆ ಅಮೆರಿಕದ ಸೇನೆಯಲ್ಲಿ ಪಾದ್ರಿಗಳಾಗಿರುವ ಮಾರ್ಮನ್ನರು ಸಮವಸ್ತ್ರದ ಮೇಲೆ ಶಿಲುಬೆಯ ಗುರುತನ್ನೇ ಧರಿಸುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಪರಿಚಿತವಾದ ಚರ್ಚುಗಳಲ್ಲೂ ಭೇದವಿದೆ. ಕ್ಯಾಥೊಲಿಕರ ಶಿಲುಬೆಯಲ್ಲಿ ಯೇಸುವಿನ ದೇಹವಿರುತ್ತದೆ, ಸಿಎಸ್‌ಐ ಚರ್ಚುಗಳಲ್ಲಿ ಸಾಮಾನ್ಯವಾಗಿ ಬರಿದಾದ ಶಿಲುಬೆ. 1947ರಲ್ಲಿ ಒಂದಾದ ಸಿಎಸ್‌ಐ ತನ್ನ ಲಾಂಛನದಲ್ಲಿ ಶಿಲುಬೆಯ ಜೊತೆ ಕಮಲವನ್ನೂ ಇಟ್ಟುಕೊಂಡಿದೆ. ಮಾರ್ಮನ್ನರೊಂದಿಗೆ ಈ ಚರ್ಚುಗಳಿಗಿರುವ ಮುಖ್ಯ ಜಗಳ ಶಿಲುಬೆಯದಲ್ಲ. ತ್ರಿಯೇಕ ದೇವರ ಕಲ್ಪನೆ, ಬೈಬಲಿಗೆ ಸಮನಾಗಿ ಅವರು ಮನ್ನಿಸುವ ‘ಬುಕ್ ಆಫ್ ಮಾರ್ಮನ್’ ಕುರಿತದ್ದು. ವ್ಯಾಟಿಕನ್ 2001ರಲ್ಲಿ ಅವರ ದೀಕ್ಷಾಸ್ನಾನವನ್ನು ಮಾನ್ಯ ಮಾಡಲಿಲ್ಲ.

ಹೋಗಿ ನೋಡುವ ಆಸೆಯಿದ್ದರೆ ಒಂದು ವಿಷಯ ತಿಳಿದಿರಲಿ. ಭಾನುವಾರದ ಆರಾಧನೆ ನಡೆಯುವ ಸಭಾಗೃಹ ಬೇರೆ, ದೇವಾಲಯ ಬೇರೆ. ಸಭಾಗೃಹಕ್ಕೆ ಯಾರು ಬೇಕಾದರೂ ಹೋಗಬಹುದು. ದೇವಾಲಯ ಮಾತ್ರ ಪ್ರತಿಷ್ಠಾಪನೆಯ ನಂತರ ಅರ್ಹತಾಪತ್ರ ಪಡೆದ ಸದಸ್ಯರಿಗೆ ಮೀಸಲು. ಪ್ರತಿಷ್ಠಾಪನೆಗೆ ಮುಂಚಿನ ಕೆಲವು ದಿನ ಸಾರ್ವಜನಿಕರನ್ನು ಒಳಗೆ ಬಿಡುವುದು ಅವರ ರೂಢಿ.