ಮಿತ್ಸುಬಿಷಿ 3000ಜಿಟಿ ವಿಆರ್-4: ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗಳ ಬದಲಾವಣೆ

ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಎಂಬುದು ಎಂಜಿನ್ನಿನ ಸಿಲಿಂಡರ್ ಹೆಡ್ ಹಾಗೂ ಅದಕ್ಕೆ ಗಾಳಿಯನ್ನು ಹಂಚುವ ಮ್ಯಾನಿಫೋಲ್ಡ್ ಕೂಡುವಲ್ಲಿ ಇರಿಸಲಾಗುವ ತೆಳುವಾದ ಮುದ್ರೆ. ಎರಡು ಲೋಹದ ಮೇಲ್ಮೈಗಳ ನಡುವಿನ ಸೂಕ್ಷ್ಮ ಅಂತರವನ್ನು ತುಂಬಿ ಗಾಳಿಯ ಸೋರಿಕೆಯನ್ನು ತಡೆಯುವುದು ಇದರ ಕೆಲಸ. ಟರ್ಬೋಚಾರ್ಜರ್ ಅಳವಡಿಸಿದ ಕ್ರೀಡಾ ಕಾರುಗಳಲ್ಲಿ ಈ ಗ್ಯಾಸ್ಕೆಟ್ ಒಮ್ಮೆ ಒಳಮುಖವಾದ, ಮತ್ತೊಮ್ಮೆ ಹೊರಮುಖವಾದ ಒತ್ತಡವನ್ನು ತಾಳಬೇಕಾಗುತ್ತದೆ. ಆದ್ದರಿಂದ ಅದರ ದೋಷದ ಲಕ್ಷಣಗಳೂ ಪರೀಕ್ಷೆಯೂ ಸಾಮಾನ್ಯ ಎಂಜಿನ್ನಿಗಿಂತ ಭಿನ್ನವಾಗಿವೆ. ಜಪಾನಿನ ಮಿತ್ಸುಬಿಷಿ ಸಂಸ್ಥೆ 1990ರಲ್ಲಿ ಸ್ವದೇಶದಲ್ಲಿ ಜಿಟಿಒ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿ, ಅಮೆರಿಕದಲ್ಲಿ 1991ರ ಮಾದರಿಯಿಂದ 3000ಜಿಟಿ ವಿಆರ್-4 ಎಂದು ಮಾರಾಟ ಮಾಡಿದ ಕಾರು ಇದಕ್ಕೆ ಉತ್ತಮ ಉದಾಹರಣೆ. ಡಾಡ್ಜ್ ಸ್ಟೆಲ್ತ್ ಆರ್/ಟಿ ಟರ್ಬೋ ಕಾರಿನಲ್ಲಿಯೂ ಇದೇ ಎಂಜಿನ್ ಇರುವುದರಿಂದ ಕೆಳಗಿನ ವಿವರಗಳು ಅದಕ್ಕೂ ಅನ್ವಯಿಸುತ್ತವೆ.

ಎಂಜಿನ್ನಿನ ರಚನೆ

ವಿಆರ್-4 ಕಾರಿನಲ್ಲಿರುವುದು 6ಜಿ72 ಶ್ರೇಣಿಯ, 2,972 ಘನ ಸೆಂಟಿಮೀಟರ್ ಸಾಮರ್ಥ್ಯದ, 24 ಕವಾಟಗಳ ವಿ6 ಎಂಜಿನ್. ಇದರ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್‌ಗಳು ಅಲ್ಯೂಮಿನಿಯಂನವು. ಸಂಪೀಡನ ಅನುಪಾತ 8:1. ಪ್ರತಿಯೊಂದು ಸಿಲಿಂಡರ್ ಸಾಲಿಗೆ ಒಂದರಂತೆ ಎರಡು ಟರ್ಬೋಚಾರ್ಜರ್‌ಗಳಿವೆ. ಆರಂಭದ ಅಮೆರಿಕನ್ ಮಾದರಿಗಳು 300 ಅಶ್ವಶಕ್ತಿಯನ್ನೂ 1994ರ ನಂತರದವು 320 ಅಶ್ವಶಕ್ತಿಯನ್ನೂ ನೀಡುತ್ತಿದ್ದವು.

ಎಂಜಿನ್ ಅಡ್ಡಲಾಗಿ ಕುಳಿತಿರುವುದರಿಂದ 1, 3 ಮತ್ತು 5ನೇ ಸಿಲಿಂಡರ್‌ಗಳ ಸಾಲು ಪ್ರಯಾಣಿಕರ ಕೋಣೆಯ ಗೋಡೆಗೆ ಅಂಟಿಕೊಂಡಂತಿದೆ. ಆ ಸಾಲಿನ ಮೇಲೆಯೇ ಪ್ಲೆನಮ್ ಎಂಬ ಗಾಳಿಯ ಕೋಶ ಹರಡಿಕೊಂಡಿದೆ. ಪ್ಲೆನಮ್‌ನಿಂದ ಹೊರಟ ಆರು ಕೊಳವೆಗಳು ಬಾಗಿ, ಎರಡು ಸಾಲುಗಳ ನಡುವಿನ ಕಣಿವೆಯಲ್ಲಿರುವ ಕೆಳ ಮ್ಯಾನಿಫೋಲ್ಡ್ ಅನ್ನು ಸೇರುತ್ತವೆ. ಹೀಗಾಗಿ ಗ್ಯಾಸ್ಕೆಟ್‌ಗಳು ಎರಡು ಹಂತದಲ್ಲಿವೆ: ಪ್ಲೆನಮ್ ಮತ್ತು ಕೆಳ ಮ್ಯಾನಿಫೋಲ್ಡ್ ನಡುವೆ ಮೇಲಿನದು, ಕೆಳ ಮ್ಯಾನಿಫೋಲ್ಡ್ ಮತ್ತು ಎರಡು ಹೆಡ್‌ಗಳ ನಡುವೆ ಕೆಳಗಿನವು. ಹಿಂದಿನ ಸಾಲಿನ ಮೂರು ಸ್ಪಾರ್ಕ್ ಪ್ಲಗ್‌ಗಳನ್ನು ತಲುಪಲೂ ಪ್ಲೆನಮ್ ಬಿಚ್ಚಬೇಕು. ಆದಕಾರಣ ಈ ಕಾರಿನಲ್ಲಿ ಮೇಲಿನ ಗ್ಯಾಸ್ಕೆಟ್ ಕೆಡುವ ಮುನ್ನವೇ ಬದಲಾಗುವುದು ಹೆಚ್ಚು.

ಗ್ಯಾಸ್ಕೆಟ್ ಏಕೆ ಸವೆಯುತ್ತದೆ

ನಿಷ್ಕ್ರಿಯ ವೇಗದಲ್ಲಿ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಆಗ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಸುಮಾರು 30ರಿಂದ 40 ಕಿಲೋಪಾಸ್ಕಲ್ ಮಾತ್ರ. ಹೊರಗಿನ ವಾತಾವರಣದ ಒತ್ತಡ ಸುಮಾರು 101. ಟರ್ಬೋ ಪೂರ್ಣವಾಗಿ ಕೆಲಸ ಮಾಡುವಾಗ ಒಳಗಿನ ಒತ್ತಡ 160 ಕಿಲೋಪಾಸ್ಕಲ್ ದಾಟುತ್ತದೆ. ನಗರದ ಒಂದು ಸಂಚಾರದಲ್ಲಿ ಈ ತಿರುವುಮುರುವು ನೂರಾರು ಬಾರಿ ಆಗಬಹುದು.

ಇದಕ್ಕೆ ಉಷ್ಣದ ಹಿಗ್ಗುವಿಕೆಯೂ ಸೇರುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡು ಹೆಡ್‌ಗಳ ನಡುವಿನ ದೂರವನ್ನು ನಿರ್ಧರಿಸುವುದು ಬಹುಮಟ್ಟಿಗೆ ಕಬ್ಬಿಣದ ಬ್ಲಾಕ್. ಆ ದೂರಕ್ಕೆ ಸೇತುವೆಯಂತೆ ಕುಳಿತಿರುವುದು ಅಲ್ಯೂಮಿನಿಯಂ ಮ್ಯಾನಿಫೋಲ್ಡ್. ಎಂಜಿನ್ ಬಿಸಿಯಾದಾಗಲೆಲ್ಲ ಇವೆರಡರ ನಡುವೆ ಮಿಲಿಮೀಟರಿನ ಸಣ್ಣ ಅಂಶದಷ್ಟು ಜಾರಾಟ ನಡೆಯುತ್ತದೆ, ಅದನ್ನು ಗ್ಯಾಸ್ಕೆಟ್ ನುಂಗಿಕೊಳ್ಳಬೇಕು. ವರ್ಷಗಳು ಕಳೆದಂತೆ ಅದರ ಲೇಪನ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಸೋರಿಕೆಯ ಲಕ್ಷಣಗಳು

ಈ ಎಂಜಿನ್ನಿನಲ್ಲಿ ಒಳಬರುವ ಗಾಳಿಯನ್ನು ಟರ್ಬೋಗಳಿಗೂ ಮುಂಚೆ, ಗಾಳಿ ಶೋಧಕದ ಬಳಿಯಲ್ಲೇ ಅಳೆಯಲಾಗುತ್ತದೆ. ಆ ಅಳತೆಗೆ ತಕ್ಕಂತೆ ಎಂಜಿನ್ ನಿಯಂತ್ರಕ ಇಂಧನವನ್ನು ನೀಡುತ್ತದೆ. ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ನಿಷ್ಕ್ರಿಯ ವೇಗದಲ್ಲಿ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತದೆ. ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಎಂಜಿನ್ ಏರಿಳಿಯುತ್ತಾ ಓಡುತ್ತದೆ, ಕೆಲವೊಮ್ಮೆ ಒಂದು ಸಿಲಿಂಡರ್ ಉರಿಯದೆ ನಡುಗುತ್ತದೆ. ಅದೇ ಬಿರುಕಿನಿಂದ ಬೂಸ್ಟ್ ಸಮಯದಲ್ಲಿ, ಅಳೆದು ಲೆಕ್ಕಕ್ಕೆ ಬಂದ ಗಾಳಿ ಹೊರಗೆ ಹೋಗುತ್ತದೆ. ಆಗ ಇಂಧನವೇ ಹೆಚ್ಚಾಗಿ ಕಪ್ಪು ಹೊಗೆ, ಶಕ್ತಿಯ ಕೊರತೆ ಮತ್ತು ಸಿಳ್ಳಿನಂತಹ ಶಬ್ದ ಕಾಣಿಸುತ್ತವೆ. ಕಳೆದುಹೋದ ಗಾಳಿಯನ್ನು ತುಂಬಿಕೊಡಲು ಟರ್ಬೋಗಳೂ ಅಗತ್ಯಕ್ಕಿಂತ ವೇಗವಾಗಿ ತಿರುಗಬೇಕಾಗುತ್ತದೆ. ಒಂದೇ ದೋಷ ಎರಡು ವಿರುದ್ಧ ಲಕ್ಷಣಗಳನ್ನು ತೋರಿಸುವುದರಿಂದ ಇಂಧನ ಪಂಪ್ ಅಥವಾ ಆಮ್ಲಜನಕ ಸಂವೇದಕವನ್ನು ಅನಾವಶ್ಯಕವಾಗಿ ಬದಲಾಯಿಸಿದವರು ಕಡಿಮೆಯಿಲ್ಲ.

ಗಾಳಿಯ ಪ್ರಮಾಣಕ್ಕೆ ಬದಲಾಗಿ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಎಂಜಿನ್‌ಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿ ನಿಯಂತ್ರಕ ಸೋರಿಕೆಗೆ ಹೊಂದಿಕೊಂಡು ಇಂಧನ ನೀಡುವುದರಿಂದ ನಿಷ್ಕ್ರಿಯ ವೇಗ ಏರುವುದೇ ಮುಖ್ಯ ಸುಳಿವು.

ಪರೀಕ್ಷೆ

ಎಂಜಿನ್ ಓಡುತ್ತಿರುವಾಗ ಜೋಡಣೆಗಳ ಸುತ್ತ ದಹನಶೀಲ ದ್ರವವನ್ನು ಸಿಂಪಡಿಸಿ ವೇಗದ ಬದಲಾವಣೆಯನ್ನು ಗಮನಿಸುವುದು ಹಳೆಯ ಪದ್ಧತಿ. ಬಿಸಿಯಾದ ಟರ್ಬೋಗಳಿರುವ ಎಂಜಿನ್ನಿನ ಮೇಲೆ ಇದು ಬೆಂಕಿಗೆ ಆಹ್ವಾನವಿತ್ತಂತೆ. ಅಲ್ಲದೆ ಬೂಸ್ಟ್‌ನಲ್ಲಿ ಮಾತ್ರ ತೆರೆದುಕೊಳ್ಳುವ ಸೋರಿಕೆ ಇದರಲ್ಲಿ ಕಾಣುವುದೇ ಇಲ್ಲ. ಎಂಜಿನ್ ನಿಲ್ಲಿಸಿ, ಗಾಳಿಯ ಮಾಪಕದ ನಂತರದ ಕೊಳವೆಗೆ ಮುಚ್ಚಳ ಹಾಕಿ, ಕಂಪ್ರೆಸರ್‌ನಿಂದ ನಿಯಂತ್ರಿತ ಒತ್ತಡದಲ್ಲಿ ಗಾಳಿ ತುಂಬಿ, ಸಾಬೂನು ನೀರಿನ ಗುಳ್ಳೆಗಳನ್ನು ಹುಡುಕುವುದು ಹೆಚ್ಚು ನಂಬಲರ್ಹ. ಈ ಪರೀಕ್ಷೆಯಲ್ಲಿ ಗ್ಯಾಸ್ಕೆಟ್‌ಗಿಂತ ಮೊದಲು ಸಿಕ್ಕಿಬೀಳುವುದು ಸಾಮಾನ್ಯವಾಗಿ ಹಳೆಯ ರಬ್ಬರ್ ಕೊಳವೆಗಳು ಮತ್ತು ಸಡಿಲವಾದ ಕ್ಲ್ಯಾಂಪ್‌ಗಳು. ಆದ್ದರಿಂದ ಏನನ್ನಾದರೂ ಬಿಚ್ಚುವ ಮುನ್ನ ಇದನ್ನು ನಡೆಸುವುದು ಲಾಭಕರ.

ಬಿಚ್ಚುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಇಂಧನ ಪಂಪಿನ ವಿದ್ಯುತ್ ಸಂಪರ್ಕ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಂಧನದ ಒತ್ತಡವನ್ನು ಇಳಿಸಲಾಗುತ್ತದೆ. ಎಂಜಿನ್ ಆರಿದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಬೇರ್ಪಡಿಸಲಾಗುತ್ತದೆ. ಥ್ರಾಟಲ್ ಭಾಗದ ಮೂಲಕ ಶೀತಕ ದ್ರವ ಹಾಯುವುದರಿಂದ ಸ್ವಲ್ಪ ದ್ರವವನ್ನು ಮೊದಲೇ ಬಸಿಯಬೇಕು. ಪ್ಲೆನಮ್‌ಗೆ ಸೇರುವ ನಿರ್ವಾತ ಕೊಳವೆಗಳು ಹಲವು. ಒಂದೊಂದಕ್ಕೂ ಗುರುತಿನ ಪಟ್ಟಿ ಅಂಟಿಸಿ ಛಾಯಾಚಿತ್ರ ತೆಗೆದಿಡುವುದು ವಾಡಿಕೆ.

ಕಷ್ಟದ ಭಾಗ ಪ್ಲೆನಮ್‌ನ ಹಿಂಬದಿಯಲ್ಲಿದೆ. ಅದನ್ನು ಎಂಜಿನ್ನಿಗೆ ಬಿಗಿಯುವ ಆಧಾರ ಪಟ್ಟಿಗಳ ಬೋಲ್ಟ್‌ಗಳು ಹಿಂಗೋಡೆಯ ಕಡೆಗಿದ್ದು ಕಣ್ಣಿಗೆ ಬೀಳುವುದಿಲ್ಲ. ಕೈಯ ಸ್ಪರ್ಶದಿಂದಲೇ ಬಿಚ್ಚಬೇಕು. ಇವುಗಳನ್ನು ಮರೆತು ಪ್ಲೆನಮ್ ಅನ್ನು ಮೀಟಿದರೆ ಅಲ್ಯೂಮಿನಿಯಂ ಅಂಚು ಗಾಯಗೊಳ್ಳುತ್ತದೆ, ಆ ಗಾಯವನ್ನು ಯಾವ ಹೊಸ ಗ್ಯಾಸ್ಕೆಟ್ಟೂ ಮುಚ್ಚಲಾರದು.

ಕೆಳ ಮ್ಯಾನಿಫೋಲ್ಡ್ ಕೂಡ ಹೊರಬರಬೇಕಾದರೆ ಇಂಧನ ರೈಲ್ ಮತ್ತು ಇಂಜೆಕ್ಟರ್‌ಗಳ ಕಡೆಗೆ ಗಮನ ಬೇಕು; ಬಿಚ್ಚಿದ ಇಂಜೆಕ್ಟರ್‌ಗಳಿಗೆ ಹೊಸ ಓ-ರಿಂಗ್ ಅಗತ್ಯ. ಅದರ ಕೆಳಗಿನ ಕಣಿವೆಯಲ್ಲಿ ನಾಕ್ ಸಂವೇದಕ ಮತ್ತು ಶೀತಕ ಕೊಳವೆ ಇವೆ. ಬೇರೆ ದಾರಿಯಿಂದ ಅವುಗಳನ್ನು ತಲುಪುವುದು ದುಸ್ತರವಾದ್ದರಿಂದ ಅದೇ ಅವಕಾಶದಲ್ಲಿ ಪರಿಶೀಲಿಸುವುದು ವಿವೇಕದ ಕೆಲಸ.

ತೆರೆದ ರಂಧ್ರಗಳ ಅಪಾಯ

ಪ್ಲೆನಮ್ ಎದ್ದ ಕ್ಷಣದಿಂದ ಆರು ರಂಧ್ರಗಳು ನೇರವಾಗಿ ಕವಾಟಗಳತ್ತ ತೆರೆದಿರುತ್ತವೆ. ಒಂದು ನಟ್ ಅಥವಾ ವಾಷರ್ ಒಳಗೆ ಬಿದ್ದು ಗಮನಕ್ಕೆ ಬಾರದಿದ್ದರೆ ಎಂಜಿನ್ ತಿರುಗಿದೊಡನೆ ಕವಾಟ, ಪಿಸ್ಟನ್ ಎರಡೂ ಹಾಳಾಗಬಹುದು. ಸ್ವಚ್ಛ ಬಟ್ಟೆಯಿಂದ ರಂಧ್ರಗಳನ್ನು ಮುಚ್ಚಬೇಕು. ಮುಚ್ಚಿದ ಬಟ್ಟೆಗಳನ್ನು ಎಣಿಸಿಟ್ಟು, ಜೋಡಿಸುವಾಗ ಅಷ್ಟನ್ನೂ ಹೊರತೆಗೆದುದನ್ನು ಖಚಿತಪಡಿಸಿಕೊಳ್ಳಬೇಕು.

ಹಳೆಯ ಗ್ಯಾಸ್ಕೆಟ್‌ನ ಅವಶೇಷವನ್ನು ಪ್ಲಾಸ್ಟಿಕ್ ಕೆರಚು ಪಟ್ಟಿ ಹಾಗೂ ದ್ರಾವಕದಿಂದ ನಿಧಾನವಾಗಿ ತೆಗೆಯಲಾಗುತ್ತದೆ. ಯಂತ್ರದಿಂದ ತಿರುಗುವ ಉಜ್ಜು ಬಿಲ್ಲೆಗಳು ಕೆಲಸವನ್ನು ಬೇಗ ಮುಗಿಸುತ್ತವೆಯಾದರೂ ಮೃದುವಾದ ಅಲ್ಯೂಮಿನಿಯಂನಲ್ಲಿ ತಗ್ಗು ಮಾಡುತ್ತವೆ, ಜೊತೆಗೆ ಅವುಗಳ ಗಡಸು ಪುಡಿ ಎಣ್ಣೆಯನ್ನು ಸೇರಿದರೆ ಬೇರಿಂಗ್‌ಗಳನ್ನು ಸವೆಸುತ್ತದೆ. ಕೊನೆಗೆ ನೇರ ಅಂಚಿನ ಪಟ್ಟಿಯಿಟ್ಟು ಮೇಲ್ಮೈ ಸಮತಟ್ಟಾಗಿದೆಯೇ ಎಂದು ನೋಡಲಾಗುತ್ತದೆ.

ಮರುಜೋಡಣೆ

ಹೊಸ ಗ್ಯಾಸ್ಕೆಟ್ ಅನ್ನು ರಂಧ್ರಗಳಿಗೆ ಹೊಂದಿಸಿ, ಸೇವಾ ಕೈಪಿಡಿ ಬೇರೆ ಹೇಳದಿದ್ದರೆ ಒಣದಾಗಿಯೇ ಕೂರಿಸಬೇಕು. ಸಿಲಿಕೋನ್ ಅಂಟು ಬಳಿಯುವ ಅಭ್ಯಾಸ ಇಲ್ಲಿ ಸಲ್ಲದು: ಇಂಧನದ ಸಂಪರ್ಕದಲ್ಲಿ ಅದು ಮೆತ್ತಗಾಗಿ, ತುಣುಕುಗಳು ಒಳಗೆ ಹರಿಯಬಹುದು. ಕೆಳ ಮ್ಯಾನಿಫೋಲ್ಡಿನ ನಟ್‌ಗಳನ್ನು ಎರಡು ಸಾಲುಗಳ ನಡುವೆ ಬದಲಿಸುತ್ತಾ, ಹಲವು ಸುತ್ತುಗಳಲ್ಲಿ, ಟಾರ್ಕ್ ವ್ರೆಂಚ್ ಬಳಸಿ ಬಿಗಿಯಲಾಗುತ್ತದೆ. ಒಂದು ಸಾಲನ್ನು ಮೊದಲೇ ಪೂರ್ತಿ ಬಿಗಿದರೆ ಮ್ಯಾನಿಫೋಲ್ಡ್ ಓರೆಯಾಗಿ ಕುಳಿತು ಇನ್ನೊಂದು ಸಾಲಿನ ಗ್ಯಾಸ್ಕೆಟ್ ಸಮನಾಗಿ ಒತ್ತಲ್ಪಡುವುದಿಲ್ಲ. ಬಿಗಿತದ ಪ್ರಮಾಣವನ್ನು ಆಯಾ ವರ್ಷದ ಕೈಪಿಡಿಯಿಂದಲೇ ಪಡೆಯಬೇಕು; ಅಲ್ಯೂಮಿನಿಯಂ ಎಳೆಗಳು ಅತಿಬಿಗಿತವನ್ನು ಸಹಿಸುವುದಿಲ್ಲ.

ಮರುಜೋಡಣೆಯಲ್ಲಿ ಅತ್ಯಂತ ದುಬಾರಿಯಾಗಬಲ್ಲ ತಪ್ಪು ಗ್ಯಾಸ್ಕೆಟ್‌ಗೆ ಸಂಬಂಧಿಸಿದ್ದಲ್ಲ, ಇಂಧನ ಒತ್ತಡ ನಿಯಂತ್ರಕದ ಸಣ್ಣ ಕೊಳವೆಗೆ ಸಂಬಂಧಿಸಿದ್ದು. ಮ್ಯಾನಿಫೋಲ್ಡಿನ ಒತ್ತಡ ಏರಿದಷ್ಟೇ ಇಂಧನದ ಒತ್ತಡವನ್ನೂ ಏರಿಸುವಂತೆ ಈ ಕೊಳವೆ ನಿಯಂತ್ರಕಕ್ಕೆ ತಿಳಿಸುತ್ತದೆ. ಇದು ಬಿರುಕು ಬಿಟ್ಟಿದ್ದರೆ ಅಥವಾ ಸೇರಿಸಲು ಮರೆತುಹೋಗಿದ್ದರೆ ನಿಷ್ಕ್ರಿಯ ವೇಗದಲ್ಲಿ ಎಂಜಿನ್ ಬಹುತೇಕ ಸರಿಯಾಗಿಯೇ ಓಡಬಹುದು. ಆದರೆ ಇಂಧನದ ಮೂಲ ಒತ್ತಡ 300 ಕಿಲೋಪಾಸ್ಕಲ್ ಎಂದು ಭಾವಿಸಿದರೆ, 70 ಕಿಲೋಪಾಸ್ಕಲ್ ಬೂಸ್ಟ್ ಬಂದಾಗ ಇಂಜೆಕ್ಟರ್‌ನ ಎರಡೂ ಬದಿಗಳ ನಡುವೆ ಉಳಿಯುವುದು 230 ಮಾತ್ರ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಇಂಧನ ಸುಮಾರು ಶೇಕಡಾ 12ರಷ್ಟು ಕುಸಿಯುತ್ತದೆ. ಪೂರ್ಣ ಭಾರದಲ್ಲಿ ಈ ಕೊರತೆ ಅನಿಯಂತ್ರಿತ ಸ್ಫೋಟಕ್ಕೆ ದಾರಿಮಾಡಿ ಪಿಸ್ಟನ್ನಿನ ಅಂಚುಗಳನ್ನು ಒಡೆಯಬಲ್ಲದು. ದಶಕಗಳಷ್ಟು ಹಳೆಯ ಈ ಕಾರುಗಳಲ್ಲಿ ರಬ್ಬರ್ ಕೊಳವೆಗಳು ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿರುವುದರಿಂದ, ಬಿಚ್ಚಿದ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕುವುದು ಗ್ಯಾಸ್ಕೆಟ್ ಬದಲಾವಣೆಯ ಭಾಗವೆಂದೇ ಅನುಭವಿಗಳು ಪರಿಗಣಿಸುತ್ತಾರೆ.

ಶೀತಕ ದ್ರವ ತುಂಬಿ, ಇಂಧನ ವ್ಯವಸ್ಥೆಗೆ ಮತ್ತೆ ಒತ್ತಡ ನೀಡಿ ಸೋರಿಕೆ ನೋಡಿದ ಬಳಿಕ, ಮೊದಲು ನಡೆಸಿದ ಗಾಳಿಯ ಒತ್ತಡದ ಪರೀಕ್ಷೆಯನ್ನು ಪುನಃ ಮಾಡಲಾಗುತ್ತದೆ. ಬ್ಯಾಟರಿ ಬೇರ್ಪಟ್ಟಿದ್ದರಿಂದ ನಿಯಂತ್ರಕ ತಾನು ಕಲಿತ ತಿದ್ದುಪಡಿಗಳನ್ನು ಮರೆತಿರುತ್ತದೆ. ಹೊಸದಾಗಿ ಕಲಿಯುವವರೆಗೆ ನಿಷ್ಕ್ರಿಯ ವೇಗ ಸ್ವಲ್ಪ ಏರುಪೇರಾಗುವುದು ಸಹಜ.